ಗೇಮಿಂಗ್ ಪಿಸಿಗೆ ಕ್ಯಾಬಿನೆಟ್ ತಗೋಳೋ ಮುಂಚೆ ಟೇಪ್ ಹಿಡೀರಿ

ಪ್ರೊಸೆಸರ್ ಯಾವ್ದು, ಗ್ರಾಫಿಕ್ಸ್ ಕಾರ್ಡ್ ಯಾವ್ದು ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಂಡು, ಕೊನೇಲಿ ಉಳಿದ ದುಡ್ಡಿಗೆ ಮಿಣಮಿಣ ಅನ್ನೋ ಯಾವ್ದೋ ಒಂದು ಕ್ಯಾಬಿನೆಟ್, ಅಂದ್ರೆ ಇವೆಲ್ಲ ಒಳಗೆ ಕೂರೋ ಪೆಟ್ಟಿಗೆ, ಎತ್ಕೊಂಡು ಬರ್ತೀವಿ. ನಾನೂ ಹಂಗೇ ಮಾಡ್ದೆ. ಮುಂದೆ ಪೂರ್ತಿ ಗಾಜು, ನೋಡೋಕೆ ಮದುವೆ ಮಂಟಪ. ಗೇಮ್ ಹಾಕಿ ಅರ್ಧ ಗಂಟೆಗೆ ಫ್ಯಾನ್‌ಗಳು ಮಿಕ್ಸಿ ಥರ ಕೂಗ್ತಿದ್ವು, ಆ ಗಾಜು ಬಿಚ್ಚಿಟ್ರೆ ಸುಮ್ನಾಗ್ತಿದ್ವು. ಆಮೇಲೆ ಗೊತ್ತಾಯ್ತು, ಗಾಳಿ ಒಳಗೆ ಬರೋಕೆ ದಾರೀನೇ ಇರ್ಲಿಲ್ಲ.

ಮೊದ್ಲು ಮದರ್‌ಬೋರ್ಡ್, ಅಂದ್ರೆ ಎಲ್ಲ ಪಾರ್ಟ್ ಸಿಕ್ಕಿಸೋ ಮುಖ್ಯ ಬೋರ್ಡ್, ಅದರ ಸೈಜ್. ಸಾಮಾನ್ಯವಾಗಿ ಸಿಗೋ ಮೂರು ಸೈಜಿನ ಹೆಸರು, ಅಳತೆ ಹಿಂಗಿದೆ: ಎಟಿಎಕ್ಸ್ 305 × 244 ಎಂಎಂ, ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಬೋರ್ಡ್ ಕೂರುತ್ತೆ, ಉಲ್ಟಾ ಆಗಲ್ಲ. ಇಷ್ಟೇ.

ಜನ ಎಡವೋದು ಗ್ರಾಫಿಕ್ಸ್ ಕಾರ್ಡ್ ಉದ್ದದಲ್ಲಿ. ಕ್ಯಾಬಿನೆಟ್ ಡಬ್ಬದ ಮೇಲೆ 360 ಎಂಎಂ ಕಾರ್ಡ್ ಹಿಡಿಯುತ್ತೆ ಅಂತ ಬರ್ದಿರ್ತಾರೆ ಅಂದ್ಕೊಳಿ, ನೀವು ಪ್ರೊಸೆಸರ್ ತಣ್ಣಗಿಡೋ ಲಿಕ್ವಿಡ್ ಕೂಲರ್‌ನ ರೇಡಿಯೇಟರ್ (ಬಿಸಿ ಹೊರಗೆ ಬಿಡೋ ಜಾಲರಿ ತಟ್ಟೆ) ಮುಂದೆ ಹಾಕಿದ್ರೆ ಅದು ಸುಮಾರು 27 ಎಂಎಂ ದಪ್ಪ, ಅದ್ರ ಫ್ಯಾನ್ 25, ಅಲ್ಲಿಗೆ 52 ಹೋಯ್ತು, ಉಳಿದಿದ್ದು 308. ಮೂರು ಫ್ಯಾನಿನ ದೊಡ್ಡ ಕಾರ್ಡ್‌ಗಳು 330 ದಾಟ್ತವೆ, ಎಲ್ಲಿ ಇಡ್ತೀರಿ? ಕೆಲವು ಕಂಪನಿಯವ್ರು ಮುಂದಿನ ಫ್ಯಾನನ್ನೇ ಲೆಕ್ಕಕ್ಕೆ ಹಿಡಿದಿರಲ್ಲ, ಅದಕ್ಕೇ ಆ ಫ್ಯಾನಿನ 25 ಎಂಎಂಗಿಂತ ಸ್ವಲ್ಪ ಹೆಚ್ಚಿಗೆ ಜಾಗ ಇಟ್ಕೊಂಡೇ ತಗೊಳಿ. ಪ್ರೊಸೆಸರ್ ಮೇಲೆ ಕೂರೋ ಫ್ಯಾನಿನ ಏರ್ ಕೂಲರ್ ಆದ್ರೆ ಎತ್ತರ ನೋಡಿ, ನಾಕ್ಟುವಾ ಎನ್‌ಎಚ್-ಡಿ15 ಥರದ್ದು 165 ಎಂಎಂ ಇದೆ, ತೆಳ್ಳಗಿನ ಕ್ಯಾಬಿನೆಟ್ ಆದ್ರೆ ಸೈಡ್ ಬಾಗ್ಲೇ ಮುಚ್ಚಲ್ಲ.

ಇನ್ನು ಗಾಳಿ. ನನ್ ಮಾತು ಕೇಳಿ, ಮುಂದುಗಡೆ ಜಾಲರಿ ಇರೋದೇ ತಗೊಳಿ, ಅದರಲ್ಲೂ ರಾಯಚೂರು ಕಲಬುರಗಿ ಕಡೆ ಬೇಸಿಗೇಲಿ ರೂಮೇ 40 ಡಿಗ್ರಿ ಹತ್ರ ಇರುತ್ತೆ, ಅಲ್ಲಿ ಮುಂದೆ ಗಾಜಿದ್ರೆ ಕಾರ್ಡ್ ಬೆಂದ್ಹೋಗುತ್ತೆ. ಮುಂದೆ ಎರಡೋ ಮೂರೋ ಫ್ಯಾನ್ ಗಾಳಿ ಎಳೀಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಒಳಗೆ ಬರೋ ಗಾಳಿ ಜಾಸ್ತಿ ಇದ್ರೆ ಸಂದಿಗೊಂದಿಯಿಂದ ಗಾಳಿ ಹೊರಗೇ ಹೋಗುತ್ತೆ, ಧೂಳು ಅಲ್ಲಿಂದ ನುಗ್ಗಲ್ಲ, ಫಿಲ್ಟರ್‌ನಲ್ಲೇ ಸಿಕ್ಕಾಕೊಳುತ್ತೆ. ಆ ಫಿಲ್ಟರ್ ಸುಲಭವಾಗಿ ಎಳೆದು ತೊಳೆಯೋ ಹಂಗಿರ್ಲಿ, ಸ್ಕ್ರೂ ಬಿಚ್ಚಿ ತೆಗೀಬೇಕಾದ್ರೆ ನೀವು ಜನ್ಮದಲ್ಲಿ ತೊಳೆಯಲ್ಲ, ನಾನಂತೂ ತೊಳ್ದಿಲ್ಲ. ಜೊತೇಲಿ ಬರೋ ಫ್ಯಾನ್‌ಗಳ ವೈರೂ ನೋಡಿ, ಕೆಲವು ಕಮ್ಮಿ ರೇಟಿನವು ಸೀದಾ ಎಸ್‌ಎಂಪಿಎಸ್‌ಗೇ (ಪಿಸಿಗೆ ಕರೆಂಟ್ ಕೊಡೋ ಡಬ್ಬ) ಹೋಗೋ ಮೋಲೆಕ್ಸ್ ಪಿನ್ನಿನವು, ಮದರ್‌ಬೋರ್ಡ್‌ನಿಂದ ಸ್ಪೀಡ್ ಕಮ್ಮಿ ಮಾಡೋಕಾಗಲ್ಲ, ದಿನವಿಡೀ ಒಂದೇ ಕೂಗು.

ಮುಂದೆ ಟೈಪ್ ಸಿ ಪೋರ್ಟ್ ಇದೆ ಅಂತ ಜಾಸ್ತಿ ಕೊಡೋ ಮುಂಚೆ ನಿಮ್ ಮದರ್‌ಬೋರ್ಡ್‌ನಲ್ಲಿ ಅದ್ರ ಕನೆಕ್ಟರ್ ಇದ್ಯಾ ನೋಡ್ಕೊಳಿ, ಇಲ್ಲಾಂದ್ರೆ ಅದು ಬರೀ ತೂತು.

ಬೆಂಗಳೂರಿನ ಎಸ್‌ಪಿ ರೋಡ್‌ಗೋ ನಿಮ್ಮೂರ ಅಂಗಡಿಗೋ ಹೋಗಿ ಕೈಯಲ್ಲಿ ಮುಟ್ಟಿ ತಗೊಂಡ್ರೆ ಒಳ್ಳೇದು, ಹಿಂದಿನ ಬಾಗ್ಲು ತೆಗೆಸಿ ವೈರ್ ಮಡಚೋಕೆ ಎರಡು ಬೆರಳು ಜಾಗ ಇದ್ಯಾ, ತಗಡು ಒತ್ತಿದ್ರೆ ಬಗ್ಗುತ್ತಾ, ಸ್ಕ್ರೂ ಪೊಟ್ಟಣ ಪೂರ್ತಿ ಇದ್ಯಾ ಅಂತ ಅಲ್ಲೇ ನೋಡಿ. ಮನೇಲಿ ಬಿಚ್ಚುವಾಗ ಸೈಡ್ ಗಾಜನ್ನ ಮಂಚದ ಮೇಲೆ ಇಡಿ, ಟೈಲ್ಸ್ ಮೇಲೆ ನಿಲ್ಲಿಸ್ಬೇಡಿ, ಮೂಲೆ ಟಕ್ ಅಂತ ತಾಗಿದ್ರೂ ಸಾಕು, ಪೂರ್ತಿ ಗಾಜು ಸಕ್ಕರೆ ಚೆಲ್ಲಿದಂಗೆ ಪುಡಿಪುಡಿ.