ವೆಬ್‌ಸೈಟ್ ವ್ಯಾಲಿಡೇಟ್ ಮಾಡ್ಬೇಕಾ? ಮಾಡಿ, ಆದ್ರೆ ಎಲ್ಲಾ ಎರರ್‌ಗೂ ತಲೆ ಕೆಡಿಸ್ಕೊಬೇಡಿ

ಮೈಸೂರಲ್ಲಿ ಹೋಂಸ್ಟೇ, ಟ್ಯೂಷನ್ ಸೆಂಟರ್, ಸೀರೆ ಅಂಗಡಿ ಅಂತ ಸಣ್ಣಪುಟ್ಟ ಸೈಟ್ ಮಾಡಿಕೊಡೋರಿಗೆ ಈ ಪಜೀತಿ ಗೊತ್ತಿರುತ್ತೆ. ಸೈಟ್ ಚೆನ್ನಾಗೇ ಓಡ್ತಿರುತ್ತೆ, ಅಷ್ಟರಲ್ಲಿ ಓನರ್ ಅಣ್ಣನ ಮಗ ಯಾರೋ ಇಂಜಿನಿಯರಿಂಗ್ ಹುಡುಗ ಅದನ್ನ, ಪೇಜಿನ ಕೋಡ್ (ಎಚ್‌ಟಿಎಂಎಲ್) ನಿಯಮದ ಪ್ರಕಾರ ಇದೆಯಾ ಅಂತ ನೋಡೋ ವ್ಯಾಲಿಡೇಟರ್‌ಗೆ ಹಾಕಿ, ಸಾರ್ ಇಷ್ಟೊಂದ್ ಎರರ್ ಇದೆಯಲ್ಲಾ ಅಂತ ವಾಟ್ಸಾಪ್‌ಗೆ ಸ್ಕ್ರೀನ್‌ಶಾಟ್ ಕಳಿಸ್ತಾನೆ. ಅದ್ರಲ್ಲಿ ಯಾವ್ದು ಸರಿ ಮಾಡ್ಬೇಕು, ಯಾವ್ದು ಬಿಡಬಹುದು ಅಂತ ನೋಡೋಣ.

ವೆಬ್ ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ ಡಬ್ಲ್ಯು3ಸಿಯದ್ದೇ ಒಂದು ಟೂಲ್ ಇದೆ, ಡಬ್ಲ್ಯು3ಸಿ ವ್ಯಾಲಿಡೇಟರ್ ಅಂತ ಸರ್ಚ್ ಹೊಡೀರಿ, ಫ್ರೀನೇ. ಅಡ್ರೆಸ್ ಕೊಡಬಹುದು, ಫೈಲ್ ಹಾಕಬಹುದು, ಇಲ್ಲಾ ಕೋಡ್ ನೇರ ಪೇಸ್ಟ್ ಮಾಡಬಹುದು. ಲಿಸ್ಟ್ ಬಂದ್ಮೇಲೆ ಮೇಲಿನ ಒಂದೆರಡು ಸರಿ ಮಾಡಿ, ತಿರುಗ ರನ್ ಮಾಡಿ, ಯಾಕಂದ್ರೆ ಒಂದು ಕ್ಲೋಸಿಂಗ್ ಟ್ಯಾಗ್ ಬಿಟ್ಟೋಗಿದ್ರೂ ಅದರ ಹಿಂದೆನೇ ಹತ್ತಾರು ಎರರ್ ಸಾಲಾಗಿ ಬರ್ತವೆ, ಅದು ಹೋದ್ರೆ ಅವೂ ಹೋಗ್ತವೆ.

ತಪ್ಪು ಕೋಡ್ ಇದ್ರೂ ಸೈಟ್ ಯಾಕೆ ಓಡುತ್ತೆ ಅಂದ್ರೆ, ತಪ್ಪು ಬಂದಾಗ ಬ್ರೌಸರ್ ಅದನ್ನ ಹೇಗೆ ಸರಿಪಡಿಸ್ಕೊಬೇಕು ಅನ್ನೋದೂ ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್‌ನಲ್ಲೇ ಬರೆದಿದೆ. ಆದ್ರೆ ಬ್ರೌಸರ್ ಸರಿಪಡಿಸ್ಕೊಂಡಿದ್ದು ನೀವು ಅಂದ್ಕೊಂಡ ಥರಾನೇ ಇರುತ್ತೆ ಅಂತೇನಿಲ್ಲ. ಶ್ರೀರಂಗಪಟ್ಟಣದ ಒಂದು ಹೋಂಸ್ಟೇ ಸೈಟ್ ಅಂದ್ಕೊಳಿ, ದಸರಾ ಟೈಮು, ರೂಮ್ ಬುಕಿಂಗ್ ಫಾರಂ ಮಧ್ಯೆ ಯಾರೋ ಸರ್ಚ್ ಬಾಕ್ಸ್‌ಗೆ ಅಂತ ಇನ್ನೊಂದು ಫಾರಂ ತುರುಕಿದಾರೆ. ಒಳಗಿನ ಫಾರಂನ ಓಪನಿಂಗ್ ಟ್ಯಾಗನ್ನ ಬ್ರೌಸರ್ ಲೆಕ್ಕಕ್ಕೇ ತಗೊಳಲ್ಲ, ಆದ್ರೆ ಅದರ ಕ್ಲೋಸಿಂಗ್ ಟ್ಯಾಗ್ ಬಂದಾಗ ಹೊರಗಿನ ಫಾರಂನೇ ಮುಚ್ಚಿಬಿಡುತ್ತೆ. ಅಲ್ಲಿಂದ ಕೆಳಗಿರೋ ಫೋನ್ ನಂಬರ್ ಬಾಕ್ಸು, ಸಬ್ಮಿಟ್ ಬಟನ್ನು ಎರಡೂ ಯಾವ ಫಾರಂಗೂ ಸೇರಿಲ್ಲ. ಬಟನ್ ಒತ್ತಿದ್ರೆ ಏನೂ ಆಗಲ್ಲ, ಬ್ರೌಸರ್ ಎರರ್ ತೋರಿಸೋ ಕನ್ಸೋಲ್‌ನಲ್ಲೂ ಎರರ್ ಇಲ್ಲ, ನೋಡೋಕೆ ಎಲ್ಲಾ ನೆಟ್ಟಗೇ ಕಾಣ್ತಿರುತ್ತೆ. ವ್ಯಾಲಿಡೇಟರ್ ಮಾತ್ರ ಲೈನ್ ನಂಬರ್ ಸಮೇತ ಹೇಳುತ್ತೆ. ನನ್ನ ಪ್ರಕಾರ ಇಂಥದ್ದಕ್ಕೋಸ್ಕರಾನೇ ಇದನ್ನ ಓಡಿಸ್ಬೇಕು.

ಇದೇ ಜಾತಿಯವು ಇನ್ನೂ ಇವೆ. ಒಂದೇ ಐಡಿ (ಟ್ಯಾಗ್‌ಗೆ ಇಡೋ ಹೆಸರು) ಎರಡು ಕಡೆ ಇದ್ರೆ ಸ್ಕ್ರಿಪ್ಟ್‌ಗೆ ಮೊದಲನೇದು ಮಾತ್ರ ಸಿಗುತ್ತೆ. ಪೇಜಿನ ಮೊದಲ ಸಾಲಲ್ಲಿ ಬರೋ ಡಾಕ್‌ಟೈಪ್ ಇಲ್ದಿದ್ರೆ ಪೇಜ್ ಹಳೇ ಕಾಲದ ಕ್ವರ್ಕ್ಸ್ ಮೋಡ್‌ಗೆ ಹೋಗಿ ಲೇಔಟ್ ಆಚೀಚೆ ಆಗುತ್ತೆ. ಪೇಜ್ ಬಗ್ಗೆ ಮಾಹಿತಿ ಇರೋ ಹೆಡ್ ಭಾಗದ ಒಳಗೆ ಒಂದು ಡಿವ್ ಟ್ಯಾಗ್ ಬಿದ್ರೆ ಹೆಡ್ ಅಲ್ಲಿಗೇ ಮುಗೀತು, ಅದರ ಕೆಳಗಿನ ಕೆನೋನಿಕಲ್ ಲಿಂಕ್ (ಈ ಪೇಜಿನ ಅಸಲಿ ಅಡ್ರೆಸ್ ಇದು ಅಂತ ಗೂಗಲ್‌ಗೆ ಹೇಳೋದು) ಎಲ್ಲಾ ಬಾಡಿಗೆ ಬಂದುಬಿಡುತ್ತೆ, ಗೂಗಲ್ ಅದನ್ನ ಪರಿಗಣಿಸಲ್ಲ. ಹಾಗಂತ ಎರರ್ ಸೊನ್ನೆ ಆದ್ರೆ ರ‍್ಯಾಂಕಿಂಗ್ ಏರುತ್ತೆ ಅನ್ನೋ ಮಾತು ನಂಬ್ಬೇಡಿ, ಗೂಗಲ್ ಅದಕ್ಕೆ ಮಾರ್ಕ್ಸ್ ಕೊಡಲ್ಲ.

ಕನ್ನಡ ಪೇಜ್ ಆದ್ರೆ ಲ್ಯಾಂಗ್ ಅಟ್ರಿಬ್ಯೂಟ್‌ಗೆ ಕೆಎನ್ ಅಂತ ಹಾಕಿದೀರಾ ನೋಡ್ಕೊಳಿ, ಕಣ್ಣು ಕಾಣದೋರು ಸ್ಕ್ರೀನ್ ರೀಡರ್‌ನಲ್ಲಿ ಕೇಳೋವಾಗ ಯಾವ ಭಾಷೆಯ ದನಿ ಅನ್ನೋದು ಅದ್ರಿಂದ ಗೊತ್ತಾಗೋದು. ಅಕ್ಷರಗಳು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿವೆ ಅಂತ ಹೇಳೋ ಮೆಟಾ ಟ್ಯಾಗ್ ಫೈಲ್‌ನ ಮೊದಲ 1024 ಬೈಟ್ ಒಳಗೇ ಇರ್ಬೇಕು. ಇನ್ನೊಂದು, ಯೂನಿಕೋಡ್‌ಗೆ ತಿರುಗಿಸದೇ ಹಳೇ ನುಡಿ ಫಾಂಟ್‌ನ ಟೆಕ್ಸ್ಟ್ ಹಾಗೇ ಅಂಟಿಸಿದ್ರೆ ಓದೋರಿಗೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ, ಆದ್ರೂ ವ್ಯಾಲಿಡೇಟರ್ ಪಾಸ್ ಅನ್ನುತ್ತೆ, ಅದು ನೋಡೋದು ಟ್ಯಾಗ್ ಮಾತ್ರ.

ಬಿಡಬಹುದಾದ್ದು: ಬಿಆರ್ ಟ್ಯಾಗ್ ಕೊನೆಯ ಸ್ಲ್ಯಾಶ್, ಸೆಕ್ಷನ್‌ಗೆ ಹೆಡಿಂಗ್ ಇಲ್ಲ ಅನ್ನೋ ವಾರ್ನಿಂಗು, ವರ್ಡ್‌ಪ್ರೆಸ್ ಪ್ಲಗಿನ್ ಉಗುಳೋ ಕಸ. ಬಣ್ಣ, ಲೇಔಟ್ ಕೋಡ್ ನೋಡೋ ಸಿಎಸ್ಎಸ್ ವ್ಯಾಲಿಡೇಟರ್ ನಾನು ಅಪರೂಪಕ್ಕೆ ತೆಗೆಯೋದು. ಸೈಟನ್ನ ಅಂಗವಿಕಲರೂ ಬಳಸೋ ಹಾಗಿರ್ಬೇಕು ಅನ್ನೋ ಅಕ್ಸೆಸಿಬಿಲಿಟಿ ಗೈಡ್‌ಲೈನ್ ಡಬ್ಲ್ಯುಸಿಎಜಿ ಕೂಡ 2023ರ 2.2 ಆವೃತ್ತಿಯಲ್ಲಿ ಪಾರ್ಸಿಂಗ್ ತಪ್ಪಿನ (ಟ್ಯಾಗ್ ಮುಚ್ಚದೇ ಬಿಟ್ಟಂಥದ್ದು) ನಿಯಮವನ್ನ ತೆಗೆದೇಬಿಟ್ಟಿದೆ. ಅಕ್ಷರ ಓಡಿಸೋ ಮಾರ್ಕೀ ಟ್ಯಾಗ್ ಮಾತ್ರ ಕಿತ್ತಾಕಿ, ಎರರ್ ಅನ್ನೋ ಕಾರಣಕ್ಕಲ್ಲ, ಆ ಓಡೋ ಸಾಲು ಓದೋಕೆ ಯಾರಿಗೂ ಆಗಲ್ಲ!

ರಿಯಾಕ್ಟ್‌ನಲ್ಲಿ, ಅಂದ್ರೆ ಪೇಜನ್ನ ಬ್ರೌಸರ್‌ನಲ್ಲೇ ಜಾವಾಸ್ಕ್ರಿಪ್ಟ್ ಕಟ್ಟೋ ಥರ, ಸೈಟ್ ಮಾಡೋರು ಒಂದ್ ವಿಷ್ಯ ಗಮನಿಸಿ. ಅಡ್ರೆಸ್ ಕೊಟ್ರೆ ಸರ್ವರ್ ಕಳಿಸಿದ ಖಾಲಿ ಪೇಜ್ ಅಷ್ಟೇ ಚೆಕ್ ಆಗೋದು. ಬ್ರೌಸರ್‌ನ ಇನ್‌ಸ್ಪೆಕ್ಟ್‌ನಿಂದ ಕೋಡ್ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಡಬಲ್ ಐಡಿ, ಆಲ್ಟ್ (ಫೋಟೋ ವಿವರಿಸೋ ಟೆಕ್ಸ್ಟ್) ಇಲ್ಲದ ಫೋಟೋ ಸಿಗ್ತವೆ, ಆದ್ರೆ ಟ್ಯಾಗ್ ಮುಚ್ಚದೇ ಬಿಟ್ಟಂಥ ತಪ್ಪನ್ನ ಬ್ರೌಸರ್ ಆಗಲೇ ತಿದ್ದಿಕೊಂಡಿರುತ್ತೆ, ಅವು ಕಾಣಲ್ಲ.

ಇಷ್ಟಾದ್ಮೇಲೆ ಉಳಿದ ಎರರ್ ಯಾವ್ದು, ಯಾಕೆ ಬಿಟ್ಟಿದೀರ ಅಂತ ಎರಡು ಸಾಲು ಬರೆದು ಕ್ಲೈಂಟ್‌ಗೆ ಕಳಿಸಿ. ಇಲ್ಲ ಸಾರ್, ಸೊನ್ನೆನೇ ಬೇಕು ಅಂದ್ರೆ ಮಾಡ್ಕೊಡಿ, ಅದಕ್ಕೆ ಬೇರೆ ಚಾರ್ಜು ಅಂತ ಮೊದಲೇ ಹೇಳಿ.