ಎರಡು ರಂಧ್ರ ಮೇಲಕ್ಕೆ: ಬೋಟಿನ ಎಂಜಿನ್ ಎತ್ತರ ಸರಿಪಡಿಸಿದ ನನ್ನ ಅನುಭವ

ಆರು ಜನ ಹತ್ತಿದೊಡನೆ ನನ್ನ ಬೋಟು ಸೊರಗುತ್ತಿತ್ತು. 19 ಅಡಿಯ ಫೈಬರ್ ಬೋಟು, ಹಿಂದೆ 115 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ನಾನೊಬ್ಬನೇ ಇದ್ದರೆ ಹಾರುತ್ತಿತ್ತು. ಜನ ತುಂಬಿ ಮಲ್ಪೆಯ ಅಳಿವೆ ದಾಟಿದರೆ ಮೂತಿ ಮೇಲೆತ್ತಿಕೊಂಡು ನೀರನ್ನು ತಳ್ಳುತ್ತಲೇ ಇರುತ್ತಿತ್ತು. ಥ್ರಾಟಲ್ ಪೂರ್ತಿ ಕೊಟ್ಟರೂ ಮಾಪಕದ ಮುಳ್ಳು ನಿಮಿಷಕ್ಕೆ 4800 ಸುತ್ತು ದಾಟುತ್ತಿರಲಿಲ್ಲ. ಆ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 5000ದಿಂದ 6000 ಸುತ್ತು ತಿರುಗಬೇಕೆಂದು ಅದರ ಕೈಪಿಡಿಯಲ್ಲೇ ಇದೆ. ಅದಕ್ಕಿಂತ ಕೆಳಗೆ ದುಡಿಸುವುದು ಘಾಟಿಯ ಏರನ್ನು ಟಾಪ್ ಗೇರಿನಲ್ಲಿ ಹತ್ತಿದಂತೆ. ಎಂಜಿನ್ ಒಳಗಿಂದಲೇ ಸವೆಯುತ್ತದೆ.

ನಾಡದೋಣಿಯಲ್ಲಿ ದುಡಿದ ಹಿರಿಯರೊಬ್ಬರು ದಡದಲ್ಲಿ ನಿಂತು ನೋಡಿ, "ಎಂಜಿನ್ ಆಳಕ್ಕೆ ಕೂತಿದೆ ಮಾರಾಯರೇ, ಗದ್ದೆ ಉಳುವ ಹಾಗೆ ಉಳುತ್ತಿದೆ" ಎಂದರು. ಬೋಟನ್ನು ಟ್ರೇಲರ್ ಮೇಲೆ ಹತ್ತಿಸಿ ಅಳೆದೆ. ತಳಕ್ಕೆ ಉದ್ದನೆಯ ನೇರ ಪಟ್ಟಿ ಒತ್ತಿ ಹಿಡಿದು, ಪ್ರೊಪೆಲ್ಲರಿನ ಮೇಲಿರುವ ಅಗಲವಾದ ತಟ್ಟೆ ಪಟ್ಟಿಗೆ ಸಮಾನಾಂತರವಾಗುವಂತೆ ಎಂಜಿನ್ನನ್ನು ವಾಲಿಸಬೇಕು. ಗಾಳಿಯನ್ನು ಪ್ರೊಪೆಲ್ಲರಿಗೆ ಎಳೆಯಗೊಡದಿರುವುದು ಆ ತಟ್ಟೆಯ ಕೆಲಸ. ನನ್ನದು ತಳಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು. ಇಂಥ ಬೋಟಿಗೆ ಸಮಮಟ್ಟದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಕೆಳಕ್ಕಲ್ಲ.

ಪರೀಕ್ಷೆಗೆ ಕೋಡಿ ಬೆಂಗ್ರೆಯ ಹಿನ್ನೀರನ್ನು ಆರಿಸಿಕೊಂಡೆ. ಅಲ್ಲಿ ಅಲೆ ಇಲ್ಲ, ಆದರೆ ಭರತ ಇಳಿತದ ಸೆಳೆತ ಇದೆ. ಆದ್ದರಿಂದ ಪ್ರತಿ ಸಲವೂ ಎರಡೂ ದಿಕ್ಕಿಗೆ ಓಡಿಸಿ ಜಿಪಿಎಸ್ ವೇಗದ ಸರಾಸರಿ ಹಿಡಿದೆ. ಆರು ಜನರ ತೂಕಕ್ಕೆ ಮರಳಿನ ಚೀಲ ಹೇರಿದೆ, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡೆ. ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರವನ್ನು ಕಾಲಿಗೆ ಕಟ್ಟಿಕೊಳ್ಳದೆ ಒಂದು ಓಟವನ್ನೂ ಓಡಲಿಲ್ಲ.

ಮೊದಲ ಲೆಕ್ಕವೇ ಕಣ್ಣು ತೆರೆಸಿತು. ಗೇರ್ ಅನುಪಾತ 2.15, ಅಂದರೆ ಎಂಜಿನ್ 4800 ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಸುಮಾರು 2233 ಸುತ್ತು ತಿರುಗುತ್ತದೆ. ಅದರ ಪಿಚ್ 19 ಇಂಚು. ಪಿಚ್ ಎಂದರೆ ನೀರು ಮರದಂತೆ ಗಟ್ಟಿಯಾಗಿದ್ದು ಪ್ರೊಪೆಲ್ಲರ್ ಸ್ಕ್ರೂವಿನಂತೆ ಕೊರೆದಿದ್ದರೆ ಒಂದು ಸುತ್ತಿಗೆ ಮುಂದೆ ಹೋಗುತ್ತಿದ್ದ ದೂರ. ಆ ಲೆಕ್ಕದಲ್ಲಿ ಬೋಟು ಗಂಟೆಗೆ ಸುಮಾರು 65 ಕಿ.ಮೀ. ಓಡಬೇಕಿತ್ತು. ಓಡಿದ್ದು 50. ಶೇ 23ರಷ್ಟು ಜಾರಿ ಹೋಗುತ್ತಿತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಗಟ್ಟಿ ಮನಸ್ಸು ಮಾಡಿದೆ. ಎಂಜಿನ್ನನ್ನು ಬೋಟಿಗೆ ಬಿಗಿಯುವ ಬೋಲ್ಟ್‌ಗಳಿಗೆ ಒಂದರ ಮೇಲೊಂದು ರಂಧ್ರಗಳಿರುತ್ತವೆ. ಚೈನ್ ಬ್ಲಾಕ್‌ನಿಂದ ಎಂಜಿನ್ ತೂಗುಹಾಕಿ ಒಂದು ರಂಧ್ರ, ಅಂದರೆ ಮುಕ್ಕಾಲು ಇಂಚು, ಮೇಲೆತ್ತಿದೆವು. 170 ಕಿಲೋದಷ್ಟು ತೂಕ, ಕೈಬಲ ನಂಬುವಂತಿಲ್ಲ. 4950 ಸುತ್ತು, 53 ಕಿ.ಮೀ. ನೀರಿನೊಳಗೆ ಎಳೆಯುವ ಲೋಹ ಕಡಿಮೆಯಾದದ್ದೇ ಇದಕ್ಕೆ ಕಾರಣ. ಬಳಿಕ 17 ಪಿಚ್‌ನ ಅಲ್ಯೂಮಿನಿಯಂ ಪ್ರೊಪೆಲ್ಲರ್ ಹಾಕಿದೆ. ಪಿಚ್ ಒಂದಿಂಚು ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ, 5300 ಬಂತು. ವೇಗ ಅಷ್ಟೇ ಉಳಿದರೂ ಬೋಟು ಚಿಗರೆಯಂತೆ ಎದ್ದು ನೀರಿನ ಮೇಲೆ ಕೂತಿತು.

ಇನ್ನೊಂದು ರಂಧ್ರ ಎತ್ತಿದಾಗ ನೇರ ಓಟ ಚೆನ್ನಾಗಿತ್ತು, ತಿರುವಿನಲ್ಲಿ ಮಾತ್ರ ಎಂಜಿನ್ ಒಮ್ಮೆಲೇ ಚೀರಿತು. ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದು ಹಿಡಿತ ಬಿಟ್ಟಿತ್ತು. ಅನೇಕರು ಇದನ್ನೇ ಕ್ಯಾವಿಟೇಶನ್ ಎನ್ನುತ್ತಾರೆ, ಅದು ಬೇರೆ. ಅದರಲ್ಲಿ ಒತ್ತಡ ಕುಸಿದು ನೀರೇ ಕುದಿಯುತ್ತದೆ, ರೆಕ್ಕೆಯ ಮೇಲೆ ಕಚ್ಚಿದಂತಹ ಗುಳಿ ಬೀಳುತ್ತವೆ. ನನ್ನ ರೆಕ್ಕೆ ನುಣುಪಾಗಿಯೇ ಇತ್ತು.

ಹಣ ಹೊಂದಿಸಿಕೊಂಡು ಅದೇ 17 ಪಿಚ್‌ನ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್ ತಂದೆ. ರೆಕ್ಕೆ ತೆಳು, ಒತ್ತಡಕ್ಕೆ ಬಾಗುವುದಿಲ್ಲ, ಹಿಂಬದಿಯ ಅಂಚು ಸೌಟಿನ ಬಾಯಿಯಂತೆ ತುಸು ಬಾಗಿ ನೀರನ್ನು ಹಿಡಿಯುತ್ತದೆ. ಹಾಕುವಾಗ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಸವರಿ, ಪ್ರೊಪೆಲ್ಲರಿನ ತಳ್ಳುವ ಬಲವನ್ನು ಶಾಫ್ಟಿಗೆ ದಾಟಿಸುವ ಬಿಲ್ಲೆ, ಅಂದರೆ ಥ್ರಸ್ಟ್ ವಾಷರ್, ಇದೆಯೇ ಎಂದು ಎರಡು ಸಲ ನೋಡಿ. ಅದಿಲ್ಲದಿದ್ದರೆ ಗೇರ್‌ಪೆಟ್ಟಿಗೆಯೇ ಹಾಳು. ಹಳೆಯ ಪ್ರೊಪೆಲ್ಲರಿನ ಹಿಂದೆ ನನಗೆ ಗಾಳದ ನೈಲಾನ್ ದಾರ ಸಿಕ್ಕಿತು. ಎಣ್ಣೆ ಸೀಲನ್ನು ಕೊಯ್ಯಲು ಅಷ್ಟು ಸಾಕು. ಅದೇ ಎರಡನೇ ರಂಧ್ರದಲ್ಲಿ ಈ ಸಲ 5400 ಸುತ್ತು, 57 ಕಿ.ಮೀ., ಜಾರಿಕೆ ಶೇ 12ರ ಆಸುಪಾಸು. ತಿರುವಿನಲ್ಲೂ ಬಿಡಲಿಲ್ಲ.

ಆಸೆಯಿಂದ ಮೂರನೆಯ ರಂಧ್ರಕ್ಕೂ ಏರಿಸಿದೆ. ವೇಗ ಇನ್ನೊಂದು ಕಿಲೋಮೀಟರ್ ಏರಿತು. ಆದರೆ ಮೊದಲೇ ಜೋಡಿಸಿದ್ದ ನೀರಿನ ಒತ್ತಡದ ಮಾಪಕ ಅರ್ಧಕ್ಕಿಂತ ಕೆಳಗೆ ಬಿತ್ತು. ಎಂಜಿನ್ನನ್ನು ತಂಪಾಗಿಡುವ ನೀರು ಗೇರ್‌ಪೆಟ್ಟಿಗೆಯ ಪಕ್ಕದ ಜಾಲರಿಯಿಂದ ಒಳಬರುತ್ತದೆ. ಅದು ಮೇಲೇರಿದರೆ ನೀರಿನ ಜೊತೆ ಗಾಳಿಯೂ ನುಗ್ಗುತ್ತದೆ. ಆ ನೀರು ಹರಿಯುತ್ತಿದೆ ಎಂದು ತೋರಿಸಲು ಎಂಜಿನ್ನಿನ ಪಕ್ಕದಿಂದ ಚಿಮ್ಮುವ ಸಣ್ಣ ಧಾರೆ ಆಗಲೂ ಬರುತ್ತಲೇ ಇತ್ತು. ಧಾರೆಯನ್ನಷ್ಟೇ ನಂಬಿದ್ದರೆ ಎಂಜಿನ್ ಸುಟ್ಟುಕೊಳ್ಳುತ್ತಿದ್ದೆ. ಅಂದು ಸಂಜೆಯೇ ಎರಡನೇ ರಂಧ್ರಕ್ಕೆ ಇಳಿಸಿ, ಬೋಲ್ಟ್‌ಗಳಿಗೆ ಸೀಲಂಟ್ ತುಂಬಿ ಬಿಗಿದೆ. ಹತ್ತು ಗಂಟೆ ಓಡಿಸಿದ ಮೇಲೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿದರೆ ಎರಡು ನಟ್‌ಗಳು ಕಾಲು ಸುತ್ತು ತಿರುಗಿದವು.