ಹಳೆಯ ಎಂಜಿನ್ ಭಾಗಗಳಿಗೆ ಮರುಬಣ್ಣ: ಎಣ್ಣೆ ತೆಗೆಯದೆ ಬ್ಲಾಸ್ಟಿಂಗ್ ಬೇಡ

ಹಳೆಯ ಕಾರಿನ ಎಂಜಿನ್ ಬ್ಲಾಕು, ಎಕ್ಸಾಸ್ಟ್ ಮ್ಯಾನಿಫೋಲ್ಡ್, ನೀರಿನ ಪಂಪಿನ ಕವಚ, ಬ್ರಾಕೆಟ್ಟುಗಳನ್ನು ಬ್ಲಾಸ್ಟ್ ಮಾಡಿಸಿ (ಒತ್ತಡದ ಗಾಳಿಯಲ್ಲಿ ಒರಟು ಪುಡಿಯನ್ನು ಚಿಮ್ಮಿಸಿ ತುಕ್ಕು ಕೆರೆಸಿ) ಬಣ್ಣ ಹೊಡೆದವರು, ಕೆಲವೇ ತಿಂಗಳಲ್ಲಿ ಆ ಬಣ್ಣ ಗುಳ್ಳೆಯೆದ್ದು ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿದಾಗ ಬಣ್ಣ ತಯಾರಿಸಿದವರನ್ನು ಬೈಯುವುದುಂಟು. ತಪ್ಪು ಬಹುಮಟ್ಟಿಗೆ ಬಣ್ಣದ್ದಲ್ಲ. ಬ್ಲಾಸ್ಟಿಂಗ್‌ಗೆ ಮುಂಚೆ ಕಬ್ಬಿಣದೊಳಗೆ ಉಳಿದ ಎಣ್ಣೆ, ಬ್ಲಾಸ್ಟಿಂಗ್ ಆದ ಮೇಲೆ ಮೂಲೆಗಳಲ್ಲಿ ಉಳಿದ ಪುಡಿ, ಇವೆರಡೇ ಕೆಲಸವನ್ನು ಕೆಡಿಸುತ್ತವೆ.

ಇಂಥ ಭಾಗಗಳ ಬೀಡುಕಬ್ಬಿಣದಲ್ಲಿ ಇಂಗಾಲದ ಪ್ರಮಾಣ ಶೇಕಡಾ 2ಕ್ಕಿಂತ ಹೆಚ್ಚು. ಅದರ ಬಹುಭಾಗ ಗ್ರಾಫೈಟ್ ಪದರುಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಒರಟು ಮೇಲ್ಮೈ ಬೇರೆ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾದ ಇಂಥ ಲೋಹ ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆಯನ್ನು ಹೀರಿಟ್ಟುಕೊಂಡಿರುತ್ತದೆ. ಇದರ ಮೇಲೆ ನೇರವಾಗಿ ಬ್ಲಾಸ್ಟ್ ಮಾಡಿದರೆ ಮೇಲಿನ ತುಕ್ಕು ಹೋಗಿ ಬೂದುಬಣ್ಣದ ಸುಂದರ ಮೈ ಕಾಣಿಸುತ್ತದೆಯೇ ಹೊರತು ಎಣ್ಣೆ ಹೋಗುವುದಿಲ್ಲ. ಜಿಡ್ಡು ಅಂಟಿದ ಪುಡಿ ಮುಂದೆ ಬ್ಲಾಸ್ಟ್ ಮಾಡುವ ಶುಚಿಯಾದ ಭಾಗವನ್ನೂ ಹೊಲಸು ಮಾಡುತ್ತದೆ.

ಮೊದಲು ಎಲ್ಲವನ್ನೂ ಸಂಪೂರ್ಣ ಬಿಚ್ಚಬೇಕು. ಜೋಡಿಸಿದ ಎಂಜಿನ್ನಿನ ರಂಧ್ರಗಳಿಗೆಲ್ಲ ಟೇಪು ಸುತ್ತಿ ಹೊರಗಿನಿಂದಷ್ಟೇ ಬ್ಲಾಸ್ಟ್ ಮಾಡಿಕೊಡುತ್ತೇವೆ ಎನ್ನುವವರ ಬಳಿ ಎಂದಿಗೂ ಹೋಗಬೇಡಿ. ಒಳಗೆ ಸೇರಿದ ಒಂದು ಚಿಟಿಕೆ ಪುಡಿ ಬೇರಿಂಗುಗಳನ್ನು ತಿಂದುಹಾಕಲು ಸಾಕು. ಸಿಲಿಂಡರಿನ ಬೋರಿಂಗ್ (ಒಳಗೋಡೆಯನ್ನು ಕೊರೆದು ಅಗಲಿಸುವುದು), ಹೋನಿಂಗ್ (ಅದನ್ನು ಉಜ್ಜಿ ನಯಗೊಳಿಸುವುದು) ಇತ್ಯಾದಿ ಮಷೀನಿಂಗ್ ಕೆಲಸವೆಲ್ಲ ಬ್ಲಾಸ್ಟಿಂಗ್ ಆದ ಮೇಲೆಯೇ ಆಗಬೇಕು. ಬಿರುಕಿನ ಪರೀಕ್ಷೆ ಮಾತ್ರ ಅದಕ್ಕೂ ಮುಂಚೆ ಆಗಲಿ, ಏಕೆಂದರೆ ಬಡಿಯುವ ಕಣಗಳು ಕೂದಲೆಳೆಯಂಥ ಬಿರುಕಿನ ಬಾಯಿಯನ್ನು ಮುಚ್ಚಿ ಮರೆಮಾಡಬಲ್ಲವು.

ಇನ್ನು ಎಣ್ಣೆ ತೆಗೆಯುವ ಕೆಲಸ. ಗಟ್ಟಿಯಾಗಿ ಮೆತ್ತಿಕೊಂಡ ಜಿಡ್ಡನ್ನು ಒಣಗಿರುವಾಗಲೇ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ನಂತರ ನೀರಿನಲ್ಲಿ ಬೆರೆಯುವ ಕ್ಷಾರೀಯ ಡೀಗ್ರೀಸರನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬಿಸಿನೀರಿಗೆ ಹಾಕಿ, ಗಟ್ಟಿ ಬ್ರಷ್‌ನಿಂದ ಉಜ್ಜಿ, ತೊಳೆದು, ಮತ್ತೆ ಉಜ್ಜಿ ತೊಳೆಯಬೇಕು. ಸೀಮೆಎಣ್ಣೆ, ಡೀಸೆಲ್‌ಗಳಲ್ಲಿ ತೊಳೆದು ಕೈಬಿಡುವ ರೂಢಿ ಎಲ್ಲೆಡೆ ಇದೆ. ಅವು ಜಿಡ್ಡನ್ನು ಕರಗಿಸುವುದೇನೋ ನಿಜ, ಆದರೆ ತಮ್ಮದೇ ಎಣ್ಣೆಪದರವನ್ನು ಬಿಟ್ಟುಹೋಗುವುದರಿಂದ ಅವುಗಳ ನಂತರವೂ ಡೀಗ್ರೀಸರ್ ಬೇಕೇ ಬೇಕು. ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಮುಳುಗಿಸಿದರೆ ಬೀಡುಕಬ್ಬಿಣಕ್ಕೆ ತೊಂದರೆಯಿಲ್ಲ, ಆದರೆ ಅದಕ್ಕೆ ಅಂಟಿಕೊಂಡಿರುವ ಅಲ್ಯೂಮಿನಿಯಂ ಭಾಗ ಯಾವುದೇ ಇದ್ದರೂ ಕರಗಿಹೋಗುತ್ತದೆ.

ಇಷ್ಟಾದ ಮೇಲೂ ಕೆಲಸ ಮುಗಿದಂತಲ್ಲ. ಒಣಗಿದ ಭಾಗವನ್ನು ವರ್ಕ್‌ಶಾಪಿನ ಓವನ್ನಿನಲ್ಲಿ, ಗಾಳಿಯಾಡುವ ಜಾಗದಲ್ಲಿ, 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗಂಟೆ ಕಾಯಿಸಿ. ಅಡುಗೆಮನೆಯ ಓವನ್ನನ್ನು ಇದಕ್ಕೆ ಮುಟ್ಟಲೇಬಾರದು. ಬಿಸಿಗೆ ತೆಳ್ಳಗಾದ ಎಣ್ಣೆ ಬೆವರಿನಂತೆ ಹೊರಬಂದು, ಮುಖ್ಯವಾಗಿ ಬೋಲ್ಟಿನ ರಂಧ್ರಗಳ ಸುತ್ತ ಮತ್ತು ಎರಕದ ಅಂಚಿನಲ್ಲಿ, ಕಂದುಬಣ್ಣದ ಕಲೆಗಳಾಗಿ ನಿಲ್ಲುತ್ತದೆ. ಭಾಗ ಪೂರ್ತಿ ತಣ್ಣಗಾದ ಮೇಲೆಯೇ ಆ ಕಲೆಗಳನ್ನು ಅಸಿಟೋನಿನಿಂದ ಒರೆಸಬೇಕು. ಬಿಸಿ ಲೋಹಕ್ಕೆ ಅಸಿಟೋನ್ ತಾಗಿಸುವುದು ಬೆಂಕಿಯನ್ನು ಕರೆದಂತೆ. ಕಾಯಿಸುವುದು, ತಣಿಸುವುದು, ಒರೆಸುವುದು ಹೀಗೆ ಹೊಸ ಕಲೆ ಮೂಡದವರೆಗೂ ನಡೆಯಲಿ. ಕೊನೆಗೆ ಶುದ್ಧ ನೀರು ಚಿಮುಕಿಸಿ ನೋಡಿ. ನೀರು ಒಂದೇ ತೆಳುಪದರವಾಗಿ ಹರಡಿದರೆ ಮೇಲ್ಮೈ ಶುಚಿಯಾಗಿದೆ ಎಂದರ್ಥ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ. ಈ ಪರೀಕ್ಷೆಯಲ್ಲಿ ಗೆಲ್ಲದ ಭಾಗವನ್ನು ಬ್ಲಾಸ್ಟಿಂಗ್‌ಗೆ ಒಯ್ಯುವುದೇ ಬೇಡ.

ಗ್ಯಾಸ್ಕೆಟ್ ಕೂರುವ ಮುಖಗಳು, ಬೇರಿಂಗ್ ಕೂರುವ ಜಾಗಗಳು, ಮರೆಗಳು (ಬೋಲ್ಟು ತಿರುಗಿಸಿ ಕೂರಿಸುವ ಥ್ರೆಡ್ಡುಗಳು) ಇವನ್ನೆಲ್ಲ ಮುಚ್ಚಬೇಕು. ಕಾಗದದ ಮಾಸ್ಕಿಂಗ್ ಟೇಪು ಕಣಗಳ ಹೊಡೆತಕ್ಕೆ ಕ್ಷಣಮಾತ್ರವೂ ನಿಲ್ಲದು. ತಗಡಿನ ತುಂಡನ್ನು ಆಕಾರಕ್ಕೆ ಕತ್ತರಿಸಿ, ಹಳೆಯ ಗ್ಯಾಸ್ಕೆಟ್ ಇಟ್ಟು ಬೋಲ್ಟಿನಿಂದ ಬಿಗಿಯುವುದೇ ಸರಿ. ಮರೆಗಳಿಗೆ ಹಳೆಯ ಬೋಲ್ಟುಗಳು, ಉಳಿದ ರಂಧ್ರಗಳಿಗೆ ರಬ್ಬರ್ ಬಿರಡೆಗಳು ಸಾಕು.

ಬ್ಲಾಸ್ಟಿಂಗ್‌ಗೆ ಮರಳನ್ನು ಬಳಸಲೇಬಾರದು. ಸಿಲಿಕಾ ಮರಳಿನ ನುಣ್ಣನೆಯ ದೂಳು ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಉಂಟುಮಾಡುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1974ರಲ್ಲೇ ಬ್ಲಾಸ್ಟಿಂಗ್‌ನಲ್ಲಿ ಇದರ ಬಳಕೆಯನ್ನು ನಿಲ್ಲಿಸುವಂತೆ ಶಿಫಾರಸು ಮಾಡಿತ್ತು. ಗಾಜಿನ ಮಣಿಗಳು ಹೊಳಪು ಕೊಡುತ್ತವೆ, ಆದರೆ ಮೇಲ್ಮೈಯನ್ನು ಬಡಿದು ನುಣುಪಾಗಿಸುವುದರಿಂದ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ನನ್ನ ಆಯ್ಕೆ ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿ, ಇಲ್ಲವೇ 60ರಿಂದ 80 ಗ್ರಿಟ್ಟಿನ ಅಲ್ಯೂಮಿನಿಯಂ ಆಕ್ಸೈಡ್. ಗಾಳಿಯ ಒತ್ತಡ ಚದರ ಇಂಚಿಗೆ 80ರಿಂದ 90 ಪೌಂಡ್ ಇರಲಿ. 3 ಮಿಲಿಮೀಟರಿನ ಸಣ್ಣ ನಾಜಲ್ ಕೂಡ ನಿಮಿಷಕ್ಕೆ ಸುಮಾರು 17 ಘನ ಅಡಿ ಗಾಳಿಯನ್ನು ನುಂಗುವುದರಿಂದ, ಟೈರಿಗೆ ಗಾಳಿ ತುಂಬುವ ಪುಟ್ಟ ಕಂಪ್ರೆಸರಿನಲ್ಲಿ ಈ ಕೆಲಸ ಸಾಗದು. ಗಾಳಿಯಲ್ಲಿನ ತೇವವನ್ನು ಹಿಡಿಯುವ ಫಿಲ್ಟರ್ ಕಡ್ಡಾಯ. ನಾಜಲನ್ನು ತುಸು ಓರೆಯಾಗಿ ಹಿಡಿದು, ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಿದ್ದರೆ ಉಳಿದದ್ದು ತಾನಾಗಿ ಆಗುತ್ತದೆ.

ಬ್ಲಾಸ್ಟಿಂಗ್ ಮುಗಿದ ಕೂಡಲೇ ಗಡಿಯಾರ ನೋಡಿಕೊಳ್ಳಬೇಕು, ಏಕೆಂದರೆ ಬರಿಮೈಯ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಕಿತ್ತಳೆಬಣ್ಣದ ತುಕ್ಕು ಹಿಡಿಯುತ್ತದೆ. ಕೈಗವಸು ಇಲ್ಲದೆ ಮುಟ್ಟಿದರೆ ಬೆರಳಚ್ಚೇ ತುಕ್ಕಾಗಿ ಮೂಡುತ್ತದೆ. ಒಣಗಾಳಿ ಊದಿ, ವ್ಯಾಕ್ಯೂಮ್ ಹಿಡಿದು, ಬ್ಲಾಕಿನ ನೀರಿನ ಹಾದಿಗಳನ್ನೂ ಎಣ್ಣೆಯ ಹಾದಿಗಳನ್ನೂ ಉದ್ದ ಬ್ರಷ್‌ನಿಂದ ಉಜ್ಜಿ ಮತ್ತೆ ಊದಿ. ಎಣ್ಣೆ ಹಾದಿಯ ಕೊನೆಯ ಪ್ಲಗ್ಗುಗಳನ್ನು ಇದಕ್ಕಾಗಿ ತೆಗೆಯಲೇಬೇಕು, ಅಲ್ಲಿನ ಕುರುಡು ಮೂಲೆಯಲ್ಲೇ ಪುಡಿ ಅಡಗಿರುತ್ತದೆ. ಒರಟಾದ ಮೈಮೇಲೆ ಬಟ್ಟೆಯಿಂದ ಒರೆಸಿದರೆ ಎಳೆಗಳು ಸಿಕ್ಕಿಕೊಳ್ಳುವುದರಿಂದ ಬ್ರಷ್‌ನಲ್ಲಿ ಅಸಿಟೋನ್ ಹಚ್ಚಿ ಊದುವುದು ಲೇಸು. ಗಾಳಿಯ ತೇವಾಂಶ ಶೇಕಡಾ 85ನ್ನು ಮೀರಿದ ದಿನ ಬಣ್ಣದ ಕೆಲಸಕ್ಕೆ ಕೈಹಾಕಬೇಡಿ.

ಬ್ಲಾಕು, ಬ್ರಾಕೆಟ್ಟುಗಳಿಗೆ ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಪ್ರೈಮರನ್ನು ತೆಳ್ಳಗೆ ಹೊಡೆದು, ಮೇಲೆ ಎಂಜಿನ್ ಎನಾಮೆಲ್ ಕೊಡಿ. ತುಕ್ಕಿನ ಮೇಲೆಯೇ ಬಳಿದರೆ ಸಾಕು ಎನ್ನುವ ದ್ರಾವಣಗಳನ್ನು ಬ್ಲಾಸ್ಟ್ ಮಾಡಿದ ಲೋಹಕ್ಕೆ ಹಚ್ಚುವುದರಲ್ಲಿ ಅರ್ಥವಿಲ್ಲ, ಅವು ಕೆಲಸ ಮಾಡಲು ತುಕ್ಕೇ ಬೇಕು. ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಅಂಟಿಸಿ ಓವನ್ನಿನಲ್ಲಿ ಕರಗಿಸುವ ಲೇಪ) ಮಾಡಿಸುವುದಾದರೆ, ಮೊದಲು ಖಾಲಿ ಭಾಗವನ್ನು ಕಾಯಿಸಿ ರಂಧ್ರಗಳ ಅನಿಲ ಹೊರಹಾಕದಿದ್ದರೆ ಗುಳ್ಳೆ ಖಚಿತ. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಎಪಾಕ್ಸಿ ಸುಟ್ಟುಹೋಗುತ್ತದೆ. ಅದಕ್ಕೆ 600 ಡಿಗ್ರಿ ಸೆಲ್ಸಿಯಸ್ ತಡೆಯುವ ಸಿಲಿಕೋನ್ ಬಣ್ಣವನ್ನು ನೇರ ಲೋಹದ ಮೇಲೆ, ಅತಿ ತೆಳುವಾಗಿ ಹೊಡೆಯಬೇಕು. ಈ ಬಣ್ಣ ಬಿಸಿಗೇ ಗಟ್ಟಿಯಾಗುತ್ತದೆ, ಆದ್ದರಿಂದ ಹಂತಹಂತವಾಗಿ ಕಾಯಿಸಿ ತಣಿಸುತ್ತ ಹೋಗಬೇಕು. ದಪ್ಪ ಲೇಪವನ್ನು ಒಮ್ಮೆಲೇ ಬಿಸಿ ಮಾಡಿದರೆ ಉಬ್ಬುತ್ತದೆ. ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ರಾಸಾಯನಿಕ ಇರುವ ಪಾಲಿಯುರಿಥೇನ್ ಬಣ್ಣವನ್ನು ಸಿಂಪಡಿಸುವುದಾದರೆ ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡ ಬೇಕು. ಬಟ್ಟೆಯ ಮಾಸ್ಕು ಏನನ್ನೂ ತಡೆಯುವುದಿಲ್ಲ.

ಬಣ್ಣ ಗಟ್ಟಿಯಾದ ಮೇಲೆ ಮುಚ್ಚಿದ ತಗಡುಗಳನ್ನು ಬಿಚ್ಚಿ, ಪ್ರತಿ ಮರೆಯಲ್ಲೂ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಒಮ್ಮೆ ಹಾಯಿಸಿ, ಎಣ್ಣೆ ಹಾದಿಗಳ ಮೂಲಕ ಬೆಳಕು ಹಾಯುತ್ತದೆಯೇ ನೋಡಿ. ಅರ್ತ್ ತಂತಿ ಬಿಗಿಯುವ ಜಾಗದ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆದುಬಿಡಿ. ಆ ಒಂದು ಬೋಲ್ಟಿನ ಕೆಳಗೆ ಬಣ್ಣ ಉಳಿದರೆ ಸ್ಟಾರ್ಟರಿಗೆ ಸಾಕಷ್ಟು ವಿದ್ಯುತ್ ಹರಿಯುವುದಿಲ್ಲ.